ರಸ್ತೆ ನೀರು ಸೀದಾ ಕೆರೆಗೆ ಹೋಗ್ತಿದೆ: ದೊಡ್ಡ ಚರಂಡಿ ಮಾಡಿಸೋದಾ, ಪಾರ್ಕಿನಲ್ಲಿ ಇಂಗಿಸೋದಾ?

ಹೊಂಗೆನೆರಳು · ಮೇ 11, ರಾತ್ರಿ 9:20

ಎಲ್ಲರಿಗೂ ನಮಸ್ಕಾರ. ಬೆಂಗಳೂರಿನ ಪೂರ್ವಕ್ಕೆ 4 ಎಕರೆಯ ಸಣ್ಣ ಬಡಾವಣೆ ನಮ್ಮದು. 48 ಮನೆ, ಬಹುತೇಕ 40-60 ಸೈಟುಗಳು. ಇಳಿಜಾರು ಪೂರ್ವಕ್ಕಿದೆ. ಕೊನೇ ಅಡ್ಡರಸ್ತೆ ದಾಟಿದರೆ ಪಾರ್ಕು, ಪಾರ್ಕಿನ ಕಾಂಪೌಂಡ್ ಆಚೆ ರಾಜಕಾಲುವೆ, ಅಲ್ಲಿಂದ ಅರ್ಧ ಕಿಲೋಮೀಟರಿಗೆ ಕೆರೆ.

ಜೋರು ಮಳೆ ಬಂದಾಗಲೆಲ್ಲ ಕೊನೇ ರಸ್ತೆಯ ನಾಲ್ಕು ಮನೆಗಳಿಗೆ ನೀರು ನುಗ್ಗುತ್ತೆ. ಕೆರೆಯ ಬಾಯಿ ಹತ್ತಿರ ಕರಿ ನೊರೆ, ಪ್ಲಾಸ್ಟಿಕ್, ಎಣ್ಣೆ ಪದರ. ಸಂಘದವರು ನಾಲ್ಕಡಿ ಅಗಲದ ಕಾಂಕ್ರೀಟ್ ಚರಂಡಿ ಹಾಕಿಸಿ ಎಲ್ಲ ನೀರನ್ನೂ ರಾಜಕಾಲುವೆಗೆ ತಳ್ಳೋಣ ಅಂತಿದ್ದಾರೆ. ಅಂದಾಜು ಹನ್ನೊಂದು ಲಕ್ಷ. ನಮ್ಮ ಮನೆಗೆ ನೀರು ಬರೋದು ನಿಲ್ಲುತ್ತೆ, ಸರಿ. ಆದರೆ ಕೆರೆಗೆ ಇದೇ ಕೊಳೆ ಇನ್ನೂ ಬೇಗ ಹೋಗಿ ಬೀಳುತ್ತಲ್ಲ? ಪಾರ್ಕಿನಲ್ಲಿ ಇಂಗುಬಾವಿ ತೋಡಿಸಿ ರಸ್ತೆ ನೀರನ್ನು ಅದಕ್ಕೇ ಬಿಡೋಣ ಅಂತ ನಾನು ಹೇಳಿದೆ. ಮೀಟಿಂಗಲ್ಲಿ ಜಗಳ ಆಯ್ತು. ಅನುಭವ ಇರೋರು ದಾರಿ ತೋರಿಸಿ.

ಮಳೆಲೆಕ್ಕ · ಮೇ 11, ರಾತ್ರಿ 10:05

ನೀರಾವರಿ ಕೆಲಸದಲ್ಲಿದ್ದು ನಿವೃತ್ತನಾದವನು ನಾನು. ಮೊದಲನೇ ಮಾತು: ರಸ್ತೆ ನೀರನ್ನು ಸೋಸದೆ ಇಂಗುಬಾವಿಗೆ ಬಿಡಲೇಬೇಡಿ. ಬೋರ್‌ವೆಲ್‌ಗಂತೂ ಕನಸಲ್ಲೂ ಬೇಡ. ರಸ್ತೆ ಮೇಲೆ ಎಂಜಿನ್ ಆಯಿಲ್ ಇದೆ, ಬ್ರೇಕ್ ಪುಡಿ ಇದೆ, ನಾಯಿ ಹೇಸಿಗೆ ಇದೆ. ಬಾವಿ ಅಂದರೆ ಮೇಲ್ಮಣ್ಣನ್ನು ದಾಟಿಸಿ ನೀರನ್ನು ಕೆಳಕ್ಕೆ ಇಳಿಸುವ ಕೊಳವೆ. ಸೋಸಬೇಕಾದ ಮಣ್ಣನ್ನೇ ತಪ್ಪಿಸಿಬಿಟ್ಟರೆ ಕೆರೆ ಬದಲು ಅಂತರ್ಜಲ ಕೆಡುತ್ತೆ, ಅಷ್ಟೇ.

ಎರಡು ನೀರನ್ನು ಬೇರೆ ಮಾಡಿ. ತಾರಸಿ ನೀರು ಹೆಚ್ಚುಕಡಿಮೆ ಶುದ್ಧ. ಮೊದಲ ಮಳೆ ಹೊರಗೆ ಬಿಟ್ಟು, ಫಿಲ್ಟರ್ ಹಾಕಿ ಸಂಪಿಗೆ ತುಂಬಿಸಿ, ಹೆಚ್ಚಾದದ್ದು ಇಂಗುಬಾವಿಗೆ. ರಸ್ತೆ ನೀರು ಮಣ್ಣಿನ ಮೇಲೆ ನಿಂತು, ಮಣ್ಣಿನ ಮೂಲಕವೇ ಇಳಿಯಬೇಕು. ಅದಕ್ಕೆ ರೇನ್ ಗಾರ್ಡನ್, ಅಂದರೆ ಮಳೆನೀರು ನಿಂತು ಇಂಗೋ ಹಾಗೆ ತಗ್ಗಾಗಿ ಮಾಡಿದ ಗಿಡದ ಪಾತಿ.

ಈಗ ಲೆಕ್ಕ. 4 ಎಕರೆ ಅಂದರೆ ಸುಮಾರು 1.6 ಹೆಕ್ಟೇರ್. ಗಂಟೆಗೆ 60 ಮಿ.ಮೀ. ವೇಗದಲ್ಲಿ ಮಳೆ ಹೊಡೀತಿದೆ ಅಂದುಕೊಳ್ಳಿ. ಸೂತ್ರ ಸರಳ: ಹರಿವಿನ ಗುಣಾಂಕ (ಬಿದ್ದ ಮಳೆಯಲ್ಲಿ ಹರಿದು ಹೋಗೋ ಪಾಲು), ಮಳೆಯ ವೇಗ, ವಿಸ್ತೀರ್ಣ ಮೂರನ್ನೂ ಗುಣಿಸಿ 360ರಿಂದ ಭಾಗಿಸಿ, ಸೆಕೆಂಡಿಗೆ ಎಷ್ಟು ಘನ ಮೀಟರ್ ಅಂತ ಬರುತ್ತೆ. ಅಲ್ಲಿ ರಾಗಿ ಹೊಲ ಇದ್ದಾಗ ಗುಣಾಂಕ 0.25 ಹಿಡಿದರೆ ಸೆಕೆಂಡಿಗೆ 67 ಲೀಟರ್. ಈಗ ಮನೆ, ರಸ್ತೆ, ಸಿಮೆಂಟ್ ಅಂಗಳ ಎಲ್ಲ ಸೇರಿ 0.7 ಹಿಡಿದರೆ 187 ಲೀಟರ್. ಅದೇ ಮಳೆ, ಅದೇ ಜಾಗ, ಹೆಚ್ಚೂಕಡಿಮೆ ಮೂರು ಪಟ್ಟು ನೀರು. ನಿಮ್ಮ ಕೊನೇ ರಸ್ತೆಯ ನಾಲ್ಕು ಮನೆಯವರು ಅನುಭವಿಸ್ತಿರೋದು ಈ 120 ಲೀಟರಿನ ವ್ಯತ್ಯಾಸವನ್ನ.

ಕೋಡಿಬಿದ್ದಕೆರೆ · ಮೇ 11, ರಾತ್ರಿ 11:48

ಲೆಕ್ಕ ಚೆನ್ನಾಗಿದೆ ಸಾರ್. ಆದರೆ 2022ರ ಸೆಪ್ಟೆಂಬರ್‌ನಲ್ಲಿ ಹೊರ ವರ್ತುಲ ರಸ್ತೆಯಲ್ಲಿ ಟ್ರ್ಯಾಕ್ಟರ್ ಹತ್ತಿ ಆಫೀಸಿಗೆ ಹೋದವನು ನಾನು. ಮೇಲಿನ ಕೆರೆಗಳೆಲ್ಲ ತುಂಬಿ ಕೋಡಿ ಬಿದ್ದು ನೀರು ಬರೋವಾಗ ನಿಮ್ಮ ಪಾರ್ಕಿನ ಹೂಗಿಡ ಏನು ಮಾಡುತ್ತೆ? ರಾಜಕಾಲುವೆ ಒತ್ತುವರಿ ತೆಗೆಯದೆ, ಹೂಳು ಎತ್ತದೆ ಇದೆಲ್ಲ ಸೋಗು. ಧರ್ಮಾಂಬುಧಿ ಕೆರೆ ಮೇಲೆ ಬಸ್ ಸ್ಟ್ಯಾಂಡ್, ಸಂಪಂಗಿ ಕೆರೆಯಲ್ಲಿ ಸ್ಟೇಡಿಯಂ ಕಟ್ಟಿದ ಊರು ಇದು.

ಮಳೆಲೆಕ್ಕ · ಮೇ 12, ಬೆಳಿಗ್ಗೆ 6:30

ನೀವು ಹೇಳೋದು ಪೂರ್ತಿ ನಿಜ. ಅಂಥಾ ಮಳೆಗೆ ರೇನ್ ಗಾರ್ಡನ್ ಉತ್ತರ ಅಲ್ಲ, ಉತ್ತರ ಅಂತ ಯಾರಾದರೂ ಹೇಳಿದರೆ ನಂಬಬೇಡಿ. ಅದಕ್ಕೆ ಬೇಕಾದ್ದು ರಾಜಕಾಲುವೆ, ಕೆರೆಯ ಕೋಡಿ, ಮಳೆಗಾಲಕ್ಕೆ ಮುಂಚೆ ತೂಬು ಎತ್ತಿ ಕೆರೆಯಲ್ಲಿ ಜಾಗ ಮಾಡಿಕೊಳ್ಳೋದು. ಹಳೇ ಕಾಲದಲ್ಲಿ ನೀರುಗಂಟಿ ಮಾಡ್ತಿದ್ದ ಕೆಲಸ. ಬೆಂಗಳೂರು ಇರೋದು ದಿಣ್ಣೆ ಮೇಲೆ. ಹೆಬ್ಬಾಳ ಕಣಿವೆ, ಕೋರಮಂಗಲ-ಚಲ್ಲಘಟ್ಟ ಕಣಿವೆ ಎರಡೂ ದಕ್ಷಿಣ ಪಿನಾಕಿನಿಗೆ, ವೃಷಭಾವತಿ ಅರ್ಕಾವತಿಗೆ. ಮೇಲಿನ ಕೆರೆಯ ಕೋಡಿ ನೀರು ಕೆಳಗಿನ ಕೆರೆಗೆ. ಆ ಸರಪಳಿ ಕಡಿದ ಕಡೆ ನೀರು ಮನೆಗೆ ಬಂತು.

ಆದರೆ ಕೊಳೆ ವಿಷಯ ಬೇರೆ. ಕೊಳೆ ತರೋದು ವರ್ಷಕ್ಕೊಂದು ಬರೋ ಭಾರೀ ಮಳೆ ಅಲ್ಲ. ನಾಲ್ಕು ದಿನ ಬಿಸಿಲು, ಆಮೇಲೆ ಸಂಜೆ ಅರ್ಧ ಗಂಟೆ ಮಳೆ, ಅದರ ಮೊದಲ ಹತ್ತು ನಿಮಿಷದ ಕಪ್ಪು ನೀರು. ಪಾರ್ಕಿಗೆ ಒಪ್ಪಿಸಬೇಕಾದ್ದು ಆ ಕೆಲಸ.

ತಾರಸಿತೋಟದಜ್ಜಿ · ಮೇ 12, ಬೆಳಿಗ್ಗೆ 8:15

ನಮ್ಮ ಬಡಾವಣೆಯಲ್ಲೂ ಹೀಗೇ ಏನೋ ಮಾಡ್ತೀವಿ ಅಂದ್ರು. ನಾನು ಬೇಡ ಅಂದೆ. ನೀರು ನಿಲ್ಲಿಸಿದ್ರೆ ಸೊಳ್ಳೆ ಬರಲ್ವೇನಪ್ಪಾ? ಹೋದ ವರ್ಷ ಮೊಮ್ಮಗನಿಗೆ ಡೆಂಗ್ಯೂ ಬಂದು ಐದು ದಿನ ಆಸ್ಪತ್ರೆಲಿ ಕೂತಿದ್ದೆ.

ಮಳೆಲೆಕ್ಕ · ಮೇ 12, ಬೆಳಿಗ್ಗೆ 8:40

ಅಮ್ಮಾ, ನಿಮ್ಮ ಭಯ ಸರಿಯಾದದ್ದೇ. ಸೊಳ್ಳೆ ಮೊಟ್ಟೆಯಿಂದ ಹಾರೋ ಸೊಳ್ಳೆ ಆಗೋಕೆ ಸುಮಾರು ಒಂದು ವಾರ ನೀರು ನಿಂತಿರಬೇಕು. ರೇನ್ ಗಾರ್ಡನ್ ಅಂದ್ರೆ ಕೊಳ ಅಲ್ಲ. ಮಳೆ ನಿಂತ ಒಂದು ದಿನದೊಳಗೆ ಮೇಲ್ಮೈ ಒಣಗಬೇಕು, ಎರಡು ದಿನ ದಾಟಲೇಬಾರದು. ಮೂರನೇ ದಿನವೂ ನೀರು ಕಂಡರೆ ಅದು ಕೆಟ್ಟಿದೆ ಅಂತ ಅರ್ಥ, ಆಗ ನೀವೇ ಹೋಗಿ ಸಂಘದವರ ಕಿವಿ ಹಿಂಡಿ. ಕಸ ಕಟ್ಟಿಕೊಂಡ ಕಾಂಕ್ರೀಟ್ ಚರಂಡಿಯ ಸ್ಲ್ಯಾಬ್ ಕೆಳಗೆ ತಿಂಗಳುಗಟ್ಟಲೆ ನಿಲ್ಲೋ ನೀರಲ್ಲೇ ಸೊಳ್ಳೆ ಜಾಸ್ತಿ.

ಬಾವಿಕಟ್ಟೆ · ಮೇ 12, ಮಧ್ಯಾಹ್ನ 1:10

ಹೊಂಗೆನೆರಳು ಅವರೇ, ಏನಾದರೂ ಡಿಸೈನ್ ಮಾಡೋ ಮುಂಚೆ ಒಂದು ಕೆಲಸ ಮಾಡಿ. ಖರ್ಚಿಲ್ಲ. ವಾರದಿಂದ ಮಳೆ ಇಲ್ಲದ ದಿನ ಬೆಳಿಗ್ಗೆ ಏಳು ಗಂಟೆಗೆ ಮಳೆನೀರು ಚರಂಡಿ ಉದ್ದಕ್ಕೂ ನಡೆದು ನೋಡಿ. ಒದ್ದೆ ಇದ್ದರೆ ಅದು ಮಳೆನೀರಲ್ಲ, ಯಾರದೋ ಬಚ್ಚಲು. ನಮ್ಮ ಕಡೆ ಕೆರೆ ಗುಂಪಿನವರು ಹೀಗೆ ನೋಡಿದಾಗ ವಾಷಿಂಗ್ ಮೆಷಿನ್ ಪೈಪ್‌ಗಳೇ ಸಿಕ್ಕವು. ಬೆಳ್ಳಂದೂರು ಕೆರೆ ನೊರೆಗೆ ಸೋಪಿನ ನೀರು, ಒಳಚರಂಡಿ ನೀರು ಕಾರಣ ಅನ್ನೋದು ಗೊತ್ತೇ ಇದೆ. 2015ರಲ್ಲಿ ಆ ನೊರೆಗೇ ಬೆಂಕಿ ಹತ್ತಿದ್ದನ್ನ ದೇಶವೇ ನೋಡ್ತು.

ರೇನ್ ಗಾರ್ಡನ್‌ಗೆ ದಿನವೂ ಕೊಳಚೆ ನೀರು ಬಂದರೆ ಅಜ್ಜಿ ಹೇಳಿದ ಸೊಳ್ಳೆ ಖಂಡಿತ ಬರುತ್ತೆ.

ಹೊಂಗೆನೆರಳು · ಮೇ 15, ರಾತ್ರಿ 8:30

ನಡೆದು ನೋಡಿದೆ. ಮೂರು ಮನೆ! ಒಂದು ಅಡಿಗೆಮನೆ ಸಿಂಕ್, ಎರಡು ವಾಷಿಂಗ್ ಮೆಷಿನ್. ಅದರಲ್ಲಿ ಒಂದು ಸಂಘದ ಖಜಾಂಚಿಯವರದ್ದೇ. ಚಹಾ ಕುಡಿಸಿ ಕಳಿಸಿದರು, ತಿಂಗಳೊಳಗೆ ಒಳಚರಂಡಿಗೆ ಸೇರಿಸ್ತೀನಿ ಅಂದಿದ್ದಾರೆ.

ಇಂಗುವ ಪರೀಕ್ಷೆಯನ್ನೂ ಮಾಡಿದೆ. ಪಾರ್ಕಿನ ಕೆಳಮೂಲೆಯಲ್ಲಿ ಒಂದಡಿ ಗುಂಡಿ ತೆಗೆದು ನೀರು ತುಂಬಿಸಿದೆ. ಗಂಟೆಗೆ 9 ಸೆಂ.ಮೀ. ಇಳೀತು. ಸೂಪರ್ ಅಲ್ವಾ?

ಮಳೆಲೆಕ್ಕ · ಮೇ 15, ರಾತ್ರಿ 9:02

ಮೇ ತಿಂಗಳ ಒಣ ಮಣ್ಣು ಬಾಯಾರಿದ ಎತ್ತಿನ ಥರ, ಎಷ್ಟು ಕೊಟ್ಟರೂ ಕುಡಿಯುತ್ತೆ. ರಾತ್ರಿಯಿಡೀ ನೆನೆಸಿ, ಬೆಳಿಗ್ಗೆ ಮತ್ತೆ ತುಂಬಿಸಿ ಅಳೆಯಿರಿ. ಆ ಅಂಕಿಯನ್ನೇ ನಂಬಬೇಕು.

ಹೊಂಗೆನೆರಳು · ಮೇ 17, ಬೆಳಿಗ್ಗೆ 10:45

ಮಾಡಿದೆ. ಗಂಟೆಗೆ 1.5 ಸೆಂ.ಮೀ. 😐

ಮಳೆಲೆಕ್ಕ · ಮೇ 17, ಬೆಳಿಗ್ಗೆ 11:20

ಮುಖ ಸಪ್ಪಗೆ ಮಾಡ್ಕೋಬೇಡಿ, ಸಾಕು ಇಷ್ಟು. 20 ಸೆಂ.ಮೀ. ನೀರು ನಿಂತರೆ ಹದಿಮೂರು ಹದಿನಾಲ್ಕು ಗಂಟೆಯಲ್ಲಿ ಇಳಿಯುತ್ತೆ. ಸಂಜೆ ಮಳೆ ಬಂದರೆ ಮರುದಿನ ಬೆಳಿಗ್ಗೆ ವಾಕಿಂಗ್ ಮಾಡೋ ಹೊತ್ತಿಗೆ ಖಾಲಿ.

ರಸ್ತೆ, ಫುಟ್‌ಪಾತ್ ಸೇರಿ ಎಷ್ಟು ವಿಸ್ತೀರ್ಣ?

ಹೊಂಗೆನೆರಳು · ಮೇ 17, ಮಧ್ಯಾಹ್ನ 12:05

ಸುಮಾರು 3,000 ಚದರ ಮೀಟರ್.

ಮಳೆಲೆಕ್ಕ · ಮೇ 17, ಮಧ್ಯಾಹ್ನ 3:50

ಮೊದಲ 10 ಮಿ.ಮೀ. ಮಳೆಯನ್ನು ಹಿಡಿಯೋಣ, ಕೊಳೆಯ ಬಹುಪಾಲು ಅದರಲ್ಲೇ. 3,000 ಚದರ ಮೀಟರ್ ಮೇಲೆ 10 ಮಿ.ಮೀ. ಅಂದರೆ 30,000 ಲೀಟರ್. ಹೀರಿಕೆ, ಆವಿ ಕಳೆದು 27,000 ಹರಿದು ಬರುತ್ತೆ. 70 ಚದರ ಮೀಟರ್ ತೋಟ ಮಾಡಿ. ಮೇಲೆ 20 ಸೆಂ.ಮೀ. ನಿಲ್ಲೋ ಜಾಗ, ಅದು 14,000 ಲೀಟರ್. ಕೆಳಗೆ 60 ಸೆಂ.ಮೀ. ಮಿಶ್ರಣ ಮಣ್ಣು, ಅದರ ಸಂದುಗಳಲ್ಲಿ ಸುಮಾರು 30 ಪ್ರತಿಶತ ನೀರು ಹಿಡಿಯುತ್ತೆ, ಅದು 12,600. ಕೂಡಿದರೆ ಸರಿಹೋಯ್ತು.

ಮಣ್ಣಿನ ಮಿಶ್ರಣದಲ್ಲೇ ಎಲ್ಲರೂ ಎಡವೋದು. ತೋಟ ಅಂದ ಕೂಡಲೇ ಮಾಲಿ ಟ್ರ್ಯಾಕ್ಟರ್‌ಗಟ್ಟಲೆ ಕೊಟ್ಟಿಗೆ ಗೊಬ್ಬರ ಸುರೀತಾನೆ. ಬೇಡ. ಗೊಬ್ಬರ ಹೆಚ್ಚಾದರೆ ರಂಜಕ, ಸಾರಜನಕ ಕರಗಿ ನೀರಿನ ಜೊತೆ ಕೆರೆಗೇ ಹೋಗುತ್ತೆ, ಅಲ್ಲಿ ಪಾಚಿ, ಅಂತರಗಂಗೆ ಬೆಳೆಸುತ್ತೆ. ಕೆರೆ ಉಳಿಸೋಕೆ ಹೋಗಿ ಕೆರೆಗೆ ಗೊಬ್ಬರ ಹಾಕಿದ ಹಾಗೆ. ಮರಳು ಹೆಚ್ಚು, ಕೆಂಪು ಮಣ್ಣು ಅದಕ್ಕಿಂತ ಕಡಿಮೆ, ಚೆನ್ನಾಗಿ ಕೊಳೆತ ಕಾಂಪೋಸ್ಟ್ ಹತ್ತರಲ್ಲೊಂದು ಪಾಲು. ಎಂ ಸ್ಯಾಂಡ್ (ಕಲ್ಲು ಒಡೆದು ಮಾಡಿದ ಮರಳು) ಹಾಕೋದಾದರೆ ತೊಳೆದದ್ದು ಹಾಕಿ, ಅದರ ಹಿಟ್ಟಿನಂಥ ಪುಡಿ ಸಂದುಗಳನ್ನು ಮುಚ್ಚಿಬಿಡುತ್ತೆ.

ರಸ್ತೆ ಅಂಚಿನ ಕಲ್ಲನ್ನು ಒಂದೂವರೆ ಅಡಿ ಅಗಲ ಕತ್ತರಿಸಿ ನೀರಿಗೆ ಬಾಗಿಲು ಮಾಡಿ. ಒಳಗೆ ಮಣ್ಣಿನ ಮಟ್ಟ ರಸ್ತೆಗಿಂತ ಎರಡು ಇಂಚಾದರೂ ಕೆಳಗಿರಲಿ, ಇಲ್ಲದಿದ್ದರೆ ಮೊದಲ ಕಸ ಬಂದು ಬಾಗಿಲಲ್ಲೇ ಕೂರುತ್ತೆ. ಬಾಗಿಲ ಹಿಂದೆ ಕಲ್ಲು ಜೋಡಿಸಿದ ಸಣ್ಣ ತೊಟ್ಟಿ, ಹೂಳು ಅಲ್ಲಿ ನಿಲ್ಲಲಿ, ಸಲಿಕೆಯಲ್ಲಿ ಎತ್ತಬಹುದು. 20 ಸೆಂ.ಮೀ. ಮಟ್ಟದಲ್ಲಿ ಕೋಡಿ ಪೈಪ್ ಇಡಿ, ತುಂಬಿದ ಮೇಲೆ ಬರೋ ನೀರು ರಾಜಕಾಲುವೆಗೆ ಹೋಗಲಿ. ಚರಂಡಿ ಬೇಡ ಅಂತ ನಾನು ಹೇಳ್ತಿಲ್ಲ ನೋಡಿ. ಅದು ಬೇಕು, ಆದರೆ ಎರಡನೇ ಸಾಲಿನಲ್ಲಿ, ಚಿಕ್ಕದಾಗಿ.

ಎರಿಹೊಲ · ಮೇ 17, ರಾತ್ರಿ 9:33

ಧಾರವಾಡದಾಗಿಂದ ಬರೀಲಿಕತ್ತೀನ್ರಿ. ಈ ಲೆಕ್ಕ ನಮ್ ಕಡೆ ನಡಿಯಂಗಿಲ್ಲ. ಎರಿ ಭೂಮಿ ನಮ್ದು. ಬ್ಯಾಸಗ್ಯಾಗ ಕೈ ತೂರುವಂಥ ಬಿರುಕು ಬಿಡ್ತೈತಿ, ಆಗ ಗುಂಡಿ ತೋಡಿ ನೀರು ಹಾಕಿದ್ರ ಪಾತಾಳಕ್ಕ ಹೋಗ್ತೈತಿ. ಎರಡು ಮಳಿ ಬಿದ್ದ ಮ್ಯಾಲ ಮಣ್ಣು ಉಬ್ಬಿ ಮುಚ್ಕೊಂಡು ಹನಿ ನೀರು ಇಳಿಯಂಗಿಲ್ಲ. ನಮ್ಮ ಕಾಲೇಜಿನಾಗ ಒಂದು ಇಂಗುಗುಂಡಿ ಮಾಡಿದ್ರು, ಆಗಸ್ಟಿನಾಗ ಎಮ್ಮಿ ಬಂದು ಮಲಗಿದ್ವು!

ಆಮ್ಯಾಲ ತಳದಾಗ ಜಲ್ಲಿ, ಅದರಾಗ ತೂತಿನ ಪೈಪ್ ಹಾಕಿ ಹೊರಗ ತೆಗದ್ರು. ನೀರು ಇಂಗೂದಿಲ್ಲ ಖರೆ, ಸೋಸಿಕೊಂಡು ಸಾವಕಾಶ ಹೊರಗ ಹೋಗ್ತೈತಿ. ಹಂಗ ಮಾಡ್ರಿ ಎರಿ ಭೂಮಿಯವ್ರು. ಮತ್ತ ಗ್ವಾಡಿಗೆ ಹತ್ತ ಫೂಟಿನ ಒಳಗ ಯಾರೂ ತೋಡಬ್ಯಾಡ್ರಿ, ಉಬ್ಬೂ ಮಣ್ಣು ಬುನಾದಿ ಎತ್ತಿಬಿಡ್ತೈತಿ.

ಕಡಲತಡಿ · ಮೇ 18, ಬೆಳಿಗ್ಗೆ 7:05

ಮಂಗಳೂರಿನವರ ಪಾಡು ಇನ್ನೊಂದು ಮಾರಾಯ್ರೆ. ವರ್ಷಕ್ಕೆ ಮೂರೂವರೆ ಮೀಟರಿಗಿಂತ ಮೇಲೆ ಮಳೆ, ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್ ಒಳಗೆ. ಜುಲೈಯಲ್ಲಿ ತೋಟ ಒಣಗುವ ಪ್ರಶ್ನೆಯೇ ಇಲ್ಲ. ಆದರೆ ಮೇ ಕೊನೆಯ ಮೊದಲ ಮಳೆಗೆ ಆರು ತಿಂಗಳ ರಸ್ತೆ ಕೊಳೆ ತೊಳೆದು ಹೋಗುವುದುಂಟಲ್ಲ, ಅದನ್ನು ಹಿಡಿದರೂ ದೊಡ್ಡದು. ಒಂದು ಎಚ್ಚರಿಕೆ: ಗುಡ್ಡ ಕಡಿದು ಮನೆ ಕಟ್ಟಿದ ಕಡೆ, ಕಡಿದ ಜಾಗದ ಮೇಲೆ ನೀರು ಇಂಗಿಸಬೇಡಿ. ಮುರಕಲ್ಲಿನ ಕೆಳಗಿನ ಜೇಡಿ ನೆನೆದರೆ ಧರೆ ಜರಿಯುತ್ತದೆ. ಅಲ್ಲಿ ನೀರನ್ನು ಮೆಟ್ಟಿಲಿನ ಹಾಗೆ ನಿಧಾನಕ್ಕೆ ಕೆಳಗೆ ಇಳಿಸುವುದೇ ಸರಿ.

ಚಿತ್ರದುರ್ಗದಹೈದ · ಮೇ 18, ಬೆಳಿಗ್ಗೆ 9:50

ಮೆಟ್ಟಿಲು ಅಂದ ಕೂಡಲೇ ನೆನಪಾಯ್ತು. ನಮ್ಮ ಕೋಟೆ ಮೇಲೆ ಗೋಪಾಲಸ್ವಾಮಿ ಹೊಂಡ ತುಂಬಿದರೆ ಅಕ್ಕ ತಂಗಿಯರ ಹೊಂಡಕ್ಕೆ, ಅಲ್ಲಿಂದ ಕೆಳಗೆ ಸಿಹಿನೀರು ಹೊಂಡಕ್ಕೆ, ಕೊನೆಗೆ ಪೇಟೆಯ ಸಂತೆಹೊಂಡಕ್ಕೆ. ಬಂಡೆ ಮೇಲೆ ಬಿದ್ದ ನೀರನ್ನು ಒಂದೇ ಉಸಿರಿಗೆ ಕೆಳಕ್ಕೆ ಬಿಡದೆ ತಂಗಿಸಿ ತಂಗಿಸಿ ಇಳಿಸಿದ್ದಾರೆ. ಪಾಳೇಗಾರರಿಗೆ ಹೊಳೆದದ್ದು ನಿಮ್ಮ ಸಂಘದವರಿಗೆ ಹೊಳೀಲಿಲ್ಲವಲ್ಲ 😄

ಸಿಯಾಟಲ್‌ಸೊಸೆ · ಮೇ 19, ಬೆಳಿಗ್ಗೆ 5:12

ಅಮೆರಿಕದ ಸಿಯಾಟಲ್‌ನಿಂದ ಒಂದು ಕಥೆ. ನಮ್ಮ ಊರಿನ ಹೊಳೆಗಳಿಗೆ ಕೋಹೋ ಸಾಲ್ಮನ್ ಮೀನು ಸಮುದ್ರದಿಂದ ಮೊಟ್ಟೆ ಇಡೋಕೆ ಬರುತ್ತೆ. ಮಳೆ ಬಂದ ಕೆಲವೇ ಗಂಟೆಗಳಲ್ಲಿ, ಹೊಟ್ಟೆಯಲ್ಲಿ ಮೊಟ್ಟೆ ಇರುವಾಗಲೇ ಸತ್ತು ತೇಲ್ತಿದ್ವು. ವರ್ಷಗಟ್ಟಲೆ ಕಾರಣ ಗೊತ್ತಾಗಿರಲಿಲ್ಲ. 2020ರಲ್ಲಿ ಸಿಕ್ತು. ಟೈರಿನ ರಬ್ಬರ್ ಬೇಗ ಸೀಳದಿರಲಿ ಅಂತ ಬೆರೆಸೋ 6ಪಿಪಿಡಿ ಅನ್ನೋ ರಾಸಾಯನಿಕ ಓಝೋನ್ ಜೊತೆ ಸೇರಿ 6ಪಿಪಿಡಿ-ಕ್ವಿನೋನ್ ಆಗುತ್ತೆ, ಟೈರ್ ಸವೆದ ಪುಡಿಯಿಂದ ಮಳೆನೀರಿಗೆ ಬರುತ್ತೆ, ಮೀನನ್ನ ಕೊಲ್ಲುತ್ತೆ.

ಇನ್ನೂ ಆಶ್ಚರ್ಯ ಏನು ಗೊತ್ತಾ? ಕಾರಣ ತಿಳಿಯೋಕೆ ಎಷ್ಟೋ ಮುಂಚೆಯೇ ಇಲ್ಲಿಯ ವಿಜ್ಞಾನಿಗಳು ಅದೇ ರಸ್ತೆ ನೀರನ್ನ ಮರಳು-ಕಾಂಪೋಸ್ಟ್ ಮಣ್ಣಿನ ಮೂಲಕ ಹಾಯಿಸಿ ಮೀನು ಬಿಟ್ಟಿದ್ದರು. ಬದುಕಿಕೊಂಡ್ವು. ನಮ್ಮ ಮನೆ ಮುಂದಿನ ರಸ್ತೆಯಲ್ಲೇ ಅಂಥ ತೋಟಗಳಿವೆ, ಮಳೆ ಬರುವಾಗ ನೀರು ಹೊಕ್ಕೋದನ್ನ ಮಗಳು ಕಿಟಕಿಯಲ್ಲಿ ನಿಂತು ನೋಡ್ತಾಳೆ. ಬೆಂಗಳೂರಲ್ಲಿ ಸಾಲ್ಮನ್ ಇಲ್ಲ, ಟೈರಿಗೇನೂ ಬರ ಇಲ್ಲ.

ಕೋಡಿಬಿದ್ದಕೆರೆ · ಮೇ 19, ಬೆಳಿಗ್ಗೆ 9:15

ಮೀನಿನ ಕಥೆಗೆ ಸೋತೆ. ಮಣ್ಣು ಸೋಸುತ್ತೆ ಅನ್ನೋದು ಒಪ್ಪಿದೆ. ಆದರೆ ನಿರ್ವಹಣೆ? ನಮ್ಮ ಅಪಾರ್ಟ್‌ಮೆಂಟಲ್ಲಿ ನೀರು ಇಂಗಲಿ ಅಂತ ಇಂಟರ್‌ಲಾಕ್ ಟೈಲ್ಸ್ ಹಾಕಿಸಿದರು. ಒಂದು ಕಿತ್ತು ನೋಡಿದರೆ ಕೆಳಗೆ ನಾಲ್ಕಿಂಚು ಕಾಂಕ್ರೀಟ್! ಎಲ್ಲಿ ಇಂಗಬೇಕು?

ಬಾವಿಕಟ್ಟೆ · ಮೇ 19, ಬೆಳಿಗ್ಗೆ 10:00

ಹಹ್ಹಾ, ಅದು ಎಲ್ಲ ಕಡೆ ಇರೋ ರೋಗ. ಕೆಳಗೆ ಜಲ್ಲಿ, ಸಂದಿನಲ್ಲಿ ಸಣ್ಣ ಕಲ್ಲಿನ ಚಿಪ್ಸ್ ಇದ್ದರೆ ಮಾತ್ರ ಅದು ಇಂಗುತ್ತೆ. ಸಂದಿಗೆ ಸಿಮೆಂಟ್ ಮೆತ್ತಿದರೆ ಬರೀ ಬಣ್ಣದ ಕಾಂಕ್ರೀಟು.

ತಾರಸಿ ನೀರಿನ ಬಗ್ಗೆ ಯಾರೂ ಮುಂದುವರಿಸಲಿಲ್ಲ. 2009ರ ಜಲಮಂಡಳಿ ಕಾಯ್ದೆ ತಿದ್ದುಪಡಿ ಪ್ರಕಾರ 40-60ರ ಹಳೇ ಮನೆಗಳಿಗೂ ಮಳೆಕೊಯ್ಲು ಕಡ್ಡಾಯ. ಇವರ 48 ಮನೆಯಲ್ಲಿ ಎಷ್ಟು ಜನ ಮಾಡಿದ್ದಾರೆ? ಬೆಂಗಳೂರಿನ ಮಳೆ ವರ್ಷಕ್ಕೆ ಸುಮಾರು 970 ಮಿ.ಮೀ. 100 ಚದರ ಮೀಟರ್ ತಾರಸಿಗೆ ಲೆಕ್ಕ ಹಾಕಿದರೆ ಕಳೆದುಳಿದು 80,000 ಲೀಟರ್ ಕೈಗೆ ಸಿಗುತ್ತೆ. ಅದನ್ನ ಮನೆಯಲ್ಲೇ ಹಿಡಿದರೆ ರಸ್ತೆಗೆ ಬರೋ ನೀರೇ ಅರ್ಧ ಆಗುತ್ತೆ, ಆಮೇಲೆ ಹನ್ನೊಂದು ಲಕ್ಷದ ಚರಂಡಿ ಯಾಕೆ? ಯಾರಿಗಾದರೂ ಕಣ್ಣಾರೆ ನೋಡಬೇಕಿದ್ದರೆ ಜಯನಗರ 5ನೇ ಬ್ಲಾಕಿನಲ್ಲಿ ಸರ್ ಎಂ. ವಿಶ್ವೇಶ್ವರಯ್ಯ ಮಳೆನೀರು ಕೊಯ್ಲು ಥೀಮ್ ಪಾರ್ಕ್ ಇದೆ. ಇಂಗುಬಾವಿಗೆ, ತಲೆತಲಾಂತರದಿಂದ ಬಾವಿ ತೋಡೋ ಮಣ್ಣು ವಡ್ಡರನ್ನೇ ಕರೀರಿ. ನಮ್ಮಲ್ಲಿಗೆ ಬಂದ ಹಿರಿಯರು ಮೇಲಿನ ಮಣ್ಣು ಹಿಡಿದು ನೋಡಿ, ಹನ್ನೆರಡಡಿಗೆ ಗೊಚ್ಚು (ಗರಸು ಮಣ್ಣು) ಸಿಗುತ್ತೆ ಅಂದ್ರು. ಹನ್ನೊಂದೂವರೆಗೆ ಸಿಕ್ತು.

ಹೊಂಗೆನೆರಳು · ಜೂನ್ 2, ರಾತ್ರಿ 10:10

ಸಂಘ ಒಪ್ಪಿತು, ಅರ್ಧ ಮನಸ್ಸಿನಿಂದ. ಚರಂಡಿ ಎರಡಡಿಗೆ ಇಳೀತು. 70 ಚ.ಮೀ. ತೋಟ ಮುಗಿದಿದೆ. ಲಾವಂಚ, ಕಾಬಾಳೆ, ಅಂಚಿಗೆ ಗರಿಕೆ. ತಾರಸಿ ನೀರಿಗೆ ಸದ್ಯ 19 ಮನೆಯವರು ಹೂಂ ಅಂದಿದ್ದಾರೆ. ಖಜಾಂಚಿಯವರ ಪೈಪ್ ಒಳಚರಂಡಿಗೆ ಸೇರಿತು.

ಹೊಂಗೆನೆರಳು · ಜೂನ್ 9, ರಾತ್ರಿ 7:55

ಮೊದಲ ಜೋರು ಮಳೆ. ಫೇಲ್. ಬಾಗಿಲಿಗೆ ಹೊಂಗೆ ಎಲೆ, ಚಿಪ್ಸ್ ಪ್ಯಾಕೆಟ್ ಅಡ್ಡ ಬಂದು ನೀರೆಲ್ಲ ಪಕ್ಕದಲ್ಲೇ ಹರಿದು ಹೋಯ್ತು. ತೋಟ ಒಣಗಿಕೊಂಡು ನಿಂತಿತ್ತು. ಜೊತೆಗೆ ಮೂರನೇ ಕ್ರಾಸಲ್ಲಿ ಮನೆ ಕಟ್ತಿರೋರ ಮರಳು ರಾಶಿ ಕರಗಿ ಬಂದು ಕಲ್ಲಿನ ತೊಟ್ಟಿ ತುಂಬಿದೆ. ವಾಟ್ಸಾಪ್ ಗ್ರೂಪಲ್ಲಿ ನನ್ನನ್ನ ಹುರಿದು ಮುಕ್ಕಿದರು.

ಮಳೆಲೆಕ್ಕ · ಜೂನ್ 9, ರಾತ್ರಿ 8:20

ತೊಟ್ಟಿ ತುಂಬಿದೆ ಅಂದರೆ ತೊಟ್ಟಿ ಅದರ ಕೆಲಸ ಮಾಡಿದೆ. ಆ ಮರಳು ತೋಟದೊಳಗೆ ಹೋಗಿದ್ದರೆ ಮಿಶ್ರಣ ಎಲ್ಲ ಕಿತ್ತು ಹಾಕಬೇಕಿತ್ತು. ಸಲಿಕೆ ತಗೊಂಡು ಎತ್ತಿಸಿ. ಬಾಗಿಲನ್ನು ಮೂರಡಿಗೆ ಅಗಲ ಮಾಡಿ, ಅದರಿಂದ ಹತ್ತಡಿ ಮೇಲೆ ಇನ್ನೊಂದು ಬಾಗಿಲು ತೆಗೀರಿ. ಒಂದು ಕಟ್ಟಿಕೊಂಡರೆ ಇನ್ನೊಂದು. ಮನೆ ಕಟ್ಟೋರಿಗೆ ಮರಳಿನ ಸುತ್ತ ಎರಡು ವರಸೆ ಇಟ್ಟಿಗೆ ಇಡೋಕೆ, ಮೇಲೆ ಟಾರ್ಪಾಲು ಹೊದಿಸೋಕೆ ಹೇಳಿ. ಮರಳಿಗೆ ದುಡ್ಡು ಕೊಟ್ಟಿರೋರು ಅವರೇ ತಾನೇ.

ಹೊಂಗೆನೆರಳು · ಜೂನ್ 24, ಬೆಳಿಗ್ಗೆ 8:05

ನಿನ್ನೆ ಸಂಜೆ ಮುಕ್ಕಾಲು ಗಂಟೆ ಮಳೆ. ಕೊಡೆ ಹಿಡಿದು ಅಲ್ಲೇ ನಿಂತಿದ್ದೆ. ಎರಡೂ ಬಾಗಿಲಿಂದ ಕಾಫಿ ಡಿಕಾಕ್ಷನ್ ಥರದ ನೀರು ಒಳಗೆ ನುಗ್ತು, ಇಪ್ಪತ್ತೈದು ನಿಮಿಷಕ್ಕೆ ತೋಟ ತುಂಬಿ ಕೋಡಿ ಹರೀತು. ಆ ಹೊತ್ತಿಗೆ ರಸ್ತೆ ನೀರು ತಿಳಿಯಾಗಿತ್ತು. ಇವತ್ತು ಬೆಳಿಗ್ಗೆ ಏಳಕ್ಕೆ ಹೋಗಿ ನೋಡಿದೆ, ಒಂದು ಮೂಲೆ ಬಿಟ್ಟು ಎಲ್ಲ ಇಳಿದಿದೆ. ಕೊನೇ ರಸ್ತೆಯ ನಾಲ್ಕು ಮನೆಯಲ್ಲಿ ಒಂದಕ್ಕೆ ಮಾತ್ರ ಗೇಟಿನವರೆಗೆ ನೀರು ಬಂದಿತ್ತು, ಒಳಗೆ ಬರಲಿಲ್ಲ.

ತಾರಸಿತೋಟದಜ್ಜಿ · ಜೂನ್ 24, ಬೆಳಿಗ್ಗೆ 8:30

ಆ ಒಂದು ಮೂಲೆ ನಾಳೆ ಮತ್ತೆ ನೋಡು ಮಗಾ. ಫೋಟೋ ಹಾಕು.

ಹೊಂಗೆನೆರಳು · ಜೂನ್ 25, ಬೆಳಿಗ್ಗೆ 7:15

ಒಣಗಿದೆ ಅಜ್ಜಿ. ಫೋಟೋ ಹಾಕಿದ್ದೀನಿ. ಮಧ್ಯದಲ್ಲಿ ಕಾಣ್ತಿರೋದು ನನ್ನ ಚಪ್ಪಲಿ, ನಿನ್ನೆ ಕೆಸರಲ್ಲಿ ಸಿಕ್ಕಿಕೊಂಡಿತ್ತು.